ಮೂರನೇ ಕೂಗು

ಕೊಂಢವಾದಲ್ಲಿ ಏಳುತ್ತಿದ್ದ ಒಂದು ಕಟ್ಟಡದ ಹಿಂದೆ ಕಲಬುರಗಿ ಕಡೆಯಿಂದ ಬಂದ ಕೂಲಿಯವರ ತಗಡಿನ ಶೆಡ್ಡುಗಳಿದ್ದವು. ವಲಸೆ ಬಂದ ಬಸುರಿಯರನ್ನು ಅವರಿರುವಲ್ಲಿಗೇ ಹೋಗಿ ತಪಾಸಣೆ ಮಾಡಲು ಸರ್ಕಾರ ಒಂದು ಗಾಡಿ ಬಿಟ್ಟಿತ್ತು. ಅದರಲ್ಲಿ ಬರುವ ಮರಾಠಿ ನರ್ಸ್ ಸಿಸ್ಟರ್‌ಗೆ ಕನ್ನಡದಲ್ಲಿ 'ಅಕ್ಕಾ' ಒಂದು ಬಿಟ್ಟರೆ ಬೇರೆ ಬಾರದು. ಶಿವಾಜಿನಗರದ ನಮ್ಮ ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದವರು ಒಂದು ದಿನ ನನ್ನನ್ನೇ ದುಭಾಷಿಯಾಗಿ ಜೊತೆಗೆ ಹತ್ತಿಸಿಕೊಂಡರು. ಕರಾವಳಿಯ ನನ್ನ ಕನ್ನಡ ಕಲಬುರಗಿ ಕಡೆಯವರಿಗೆ ಎಷ್ಟು ತಿಳಿಯುತ್ತದೋ ದೇವರೇ ಬಲ್ಲ.

ನಡು ಮಧ್ಯಾಹ್ನ. ಗಂಡಸರೆಲ್ಲ ಮೇಲೆ ಕೆಲಸದಲ್ಲಿದ್ದರು. ಕೆಳಗೆ ಎಲ್ಲ ಬಾಗಿಲೂ ಮುಚ್ಚಿದ್ದವು. ಸಿಸ್ಟರ್ ಪ್ರತಿ ಬಾಗಿಲಲ್ಲೂ ಎರಡು ಸಲ "ಅಕ್ಕಾ" ಎಂದು ಕೂಗಿ, ಯಾರೂ ಇಲ್ಲವೆಂದು ಮುಂದೆ ಹೋಗುತ್ತಿದ್ದರು. ಆದರೆ ಒಳಗಿನಿಂದ ಒಲೆಯ ಹೊಗೆ ಬರುತ್ತಿತ್ತು. ಒಂದು ಕಡೆ ತಗಡಿನ ಆಚೆ ಬಳೆ ಸದ್ದಾಗಿ, ಯಾರೋ ಕೈಯಿಂದ ಹಿಡಿದುಕೊಂಡ ಹಾಗೆ ತಟ್ಟನೆ ನಿಂತಿತು.

ಹೆದರಿದರೆ ನನಗೆ ಸಿಟ್ಟು ಬರುತ್ತದೆ. ಕೊನೆಯ ಬಾಗಿಲಲ್ಲಿ ಸಿಸ್ಟರ್ ಎರಡು ಸಲ ಕೂಗಿ ತಿರುಗಿದ ಮೇಲೆ, ನಾನು ಗಂಟಲು ಹರಿಯುವಂತೆ ಮತ್ತೊಮ್ಮೆ ಕೂಗಿದೆ.

"ಓ" ಎಂದಿತು ಒಳಗಿನಿಂದ.

ಬಾಗಿಲು ತೆರೆದವಳು ತುಂಬು ಬಸುರಿ. ಮುಖ, ಕಾಲು ಬಾತಿದ್ದವು.

"ಮೂರನೇ ಸಲ ಕರದ್ರಿ, ಅದಕ್ಕ ಓ ಅಂದೆ. ಮಟಮಟ ಮಧ್ಯಾಹ್ನದಾಗ ದೆವ್ವ ಎರಡ ಸಲ ಅಷ್ಟ ಕರೀತದ್ರಿ," ಎಂದಳು. "ತಲಿ ಭಾಳ ನೋಯ್ತದ. ಕಣ್ಣು ಮಬ್ಬಾಗ್ಯಾವ."

ಬಿಪಿ ನೋಡಿದ ಸಿಸ್ಟರ್ ಕೂಡಲೇ ಅವಳನ್ನು ಗಾಡಿಗೆ ಹತ್ತಿಸಿದರು. ಹತ್ತುವಾಗ ಅವಳು ಬೀಗ ಹಾಕಿದ ಪಕ್ಕದ ಶೆಡ್ಡು ತೋರಿಸಿದಳು.

"ಇಲ್ಲಿದ್ದ ಬಸುರಿಗೂ ಹಿಂಗ ಬಾತಿತ್ರಿ. ಅವತ್ತು ಆಕಿ ಕೂಡ ಕುಂತಿದ್ದೆ. ಮಧ್ಯಾಹ್ನದಾಗ ಯಾರೋ ಎರಡ ಸಲ ಅಕ್ಕಾ ಅಂತ ಕರದ್ರು. ಆಕಿ ಓ ಅನ್ನಾಕ ಹೋದ್ಳು, ನಾನ ಬಾಯಿ ಮುಚ್ಚಿ ಹಿಡದೆ. ಮರುದಿನ ಸತ್ತಳ್ರಿ. ದೆವ್ವನ ಒಯ್ತು ಅಂತ ತಿಳಕೊಂಡೀವಿ."

ಅದನ್ನು ಮರಾಠಿಯಲ್ಲಿ ಹೇಳಿದೆ. ಸಿಸ್ಟರ್ ಬೀಗದ ಕಡೆ ನೋಡಿ, "ಅವತ್ತು ಬಂದಿದ್ದವಳು ನಾನೇ," ಎಂದರು.

ಗಾಡಿ ಹತ್ತಿದವಳು ಆಸ್ಪತ್ರೆಯಲ್ಲಿ ಹೆತ್ತಳು, ತಾಯಿ ಮಗು ಇಬ್ಬರೂ ಉಳಿದರು. ಈಗ ಸಿಸ್ಟರ್ ಎಲ್ಲ ಬಾಗಿಲಲ್ಲೂ ಮೂರು ಸಲ ಕೂಗುತ್ತಾರೆ. ಹೆಂಗಸರು ಹೊರಗೆ ಬರುತ್ತಾರೆ. ಕೊನೆಗೆ, ಇನ್ನೂ ಯಾರೂ ಇರಲೊಪ್ಪದ ಆ ಬೀಗದ ಬಾಗಿಲ ಮುಂದೆ ನಿಂತು ಅಲ್ಲಿಯೂ ಮೂರು ಸಲ ಕೂಗುತ್ತಾರೆ. ನಾನು ಬೇಡವೆಂದರೆ ಕೇಳುವುದಿಲ್ಲ. ಮೂರನೆಯ ಕೂಗಿಗೆ ಮೊದಲೇ ನಾನು ಗಾಡಿಯೊಳಗೆ ಹೋಗಿ ಕಿವಿ ಮುಚ್ಚಿಕೊಳ್ಳುತ್ತೇನೆ. ಒಳಗಿನಿಂದ ಓ ಎಂದುಬಿಟ್ಟರೆ, ಆಸ್ಪತ್ರೆಗೆ ಯಾರನ್ನು ಕರೆದೊಯ್ಯುವುದು?