ಅಂಗಡಿ ಗುಡಿಸಿದವರು ಯಾರಂತೆ?

ಜರ್ಮನಿಯವರು ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಗಂಡನಿಗೆ ಸಿಕ್ಕಿ ನಾವು ಡ್ರೆಸ್ಡನ್ನಿನಲ್ಲಿದ್ದ ಕಾಲ. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ನಮ್ಮಲ್ಲಿಗೆ ಕರೆಸಿಕೊಂಡಿದ್ದೆವು. ಊಟ, ಪೂಜೆ, ನಿದ್ದೆ ಎಲ್ಲ ಸರಿಯಾಗಿಯೇ ಇತ್ತು. ಮಾವನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಒಮ್ಮೆಯೂ ಅತ್ತಿರಲಿಲ್ಲ. ನನಗೆ ಅದೇ ಭಯ.

ಮಾವ ಮೈಸೂರಿನಲ್ಲಿ ಅಕ್ಕಸಾಲಿಗರು. ಅಂಥ ಮನೆಗಳಲ್ಲಿ ಅಂಗಡಿಯ ಕಸ ಎಸೆಯುವುದಿಲ್ಲ. ಗುಡಿಸಿದ ಧೂಳನ್ನು ಕೂಡಿಟ್ಟು, ಅದನ್ನು ತೊಳೆದು ಚಿನ್ನ ತೆಗೆಯುವವರಿಗೆ ಕೊಡುತ್ತಾರೆ. ಕೈಗೆ ಹತ್ತಿದ ರೂಢಿ ಬಿಡುತ್ತದೆಯೆ? ಅತ್ತೆ ನಮ್ಮ ಫ್ಲಾಟಿನ ಧೂಳನ್ನೂ ಡಬ್ಬಿಗೆ ತುಂಬಿಡುತ್ತಿದ್ದರು.

"ಅಮ್ಮಾ, ಅದು ಬರೀ ಕಸ, ಇಲ್ಲಿಯೋರು ರೆಸ್ಟ್‌ಮ್ಯೂಲ್ ಅಂತಾರೆ, ಕೆಳಗಡೆ ಕಪ್ಪು ಬಿನ್‌ಗೆ ಹಾಕ್ಬೇಕು," ಎಂದು ಇವರು ಗೊಣಗುತ್ತಿದ್ದರು.

ನಾನೂ ಸುಮ್ಮನಿರುವವಳಲ್ಲ. "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡಲ್ಲ ಅಂತಾರೆ, ನೀವು ಸೊಸೆ ಮನೆ ಧೂಳನ್ನೂ ಬಿಡಲ್ವಲ್ಲ ಅತ್ತೆ!" ಅವರು ನಗುತ್ತಿದ್ದರು, ಅಷ್ಟೆ.

ಒಂದು ಭಾನುವಾರ ಅವರನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಮುನ್ನೂರು ವರ್ಷಗಳ ಹಿಂದೆ ಆ ಊರಿನ ದೊರೆಯ ಆಸ್ಥಾನದ ಅಕ್ಕಸಾಲಿಗನೊಬ್ಬ, ದೆಹಲಿಯನ್ನು ಕಣ್ಣಲ್ಲೂ ಕಾಣದೆ, ಮೊಘಲ್ ಬಾದಶಹನ ದರ್ಬಾರನ್ನು ಚಿನ್ನದಲ್ಲಿ ಮಾಡಿಟ್ಟಿದ್ದಾನೆ. ಪುಟಾಣಿ ಆನೆಗಳು, ಒಂಟೆಗಳು, ಕಾಣಿಕೆ ಹೊತ್ತ ಜನ. ನೋಡಿದರೆ ನಗು ಬರುವಂಥ ದೆಹಲಿ. ಕೈಚಳಕಕ್ಕೆ ಮಾತ್ರ ಕೈಮುಗಿಯಬೇಕು. ಅವನ ತಮ್ಮಂದಿರಿಬ್ಬರೂ ಜೊತೆಗೆ ಕೂತು ವರ್ಷಗಟ್ಟಲೆ ದುಡಿದರಂತೆ ಎಂದು ಪಕ್ಕದ ಫಲಕ ಓದಿ ಹೇಳಿದೆ.

ಅತ್ತೆ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಅಂಗಡಿ ಗುಡಿಸ್ತಿದ್ದೋರು ಯಾರಂತೆ?"

"ಅದನ್ನ ಬರೆದಿಲ್ಲ ಅತ್ತೆ."

"ಬರೆಯಲ್ಲ ಬಿಡು. ಹೆಂಡ್ತೀನೇ ಇರ್ಬೇಕು. ಬೇರೆಯೋರ ಕೈಗೆ ಪೊರಕೆ ಕೊಡಕ್ಕಾಗತ್ತಾ?"

ವಾಪಸು ಬರುವಾಗ, ಟ್ರಾಮಿನಲ್ಲಿ, ಕೈಚೀಲದಿಂದ ಮಾವನ ನಶ್ಯದ ಡಬ್ಬಿ ತೆಗೆದರು. ಒಳಗೆ ಬೂದುಬಣ್ಣದ ಧೂಳು. "ಕೊನೇ ಸಲ ಕೆಲಸಕ್ಕೆ ಕೂತಿದ್ರಲ್ಲ, ಅವತ್ತು ಗುಡಿಸಿದ್ದು."

"ಚಿನ್ನ ಎಷ್ಟಿರಬಹುದು ಅತ್ತೆ?" ಬಾಯಿತಪ್ಪಿ ಕೇಳಿಬಿಟ್ಟೆ.

"ಇರತ್ತೆ ಒಂದು ಚೂರು. ಅವರ ಕೂದಲಿದೆ, ಪಂಚೆ ನೂಲಿದೆ, ಚೆಲ್ಲಿದ ನಶ್ಯ ಇದೆ. ತೊಳೆಯೋರಿಗೆ ಕೊಟ್ರೆ ಚಿನ್ನ ಉಳಿಸ್ತಾರೆ ಕಣೇ, ಅವರನ್ನ ತೊಳೆದುಬಿಡ್ತಾರೆ."

ಅಷ್ಟು ಹೇಳಿ ಅತ್ತರು. ಅಳುತ್ತಲೇ, ಮಾವ ನಶ್ಯ ಏರಿಸಿ ಸೀನಿದಾಗ ಯಾರದೋ ಮೂಗುಬೊಟ್ಟಿನ ಹರಳು ಹಾರಿಹೋಗಿ ಮನೆಮಂದಿಯೆಲ್ಲ ನೆಲ ತಡಕಿದ ಕಥೆ ಶುರುಮಾಡಿದರು. ನಾವು ಇಳಿಯಬೇಕಾದ ಸ್ಟಾಪ್ ಬಂತು. ನಾನು ಬಾಗಿಲು ತೆರೆಯುವ ಗುಂಡಿ ಒತ್ತಲಿಲ್ಲ.