ಒಂಬತ್ತು ದೇಶದ ಸಾಲಿಗೆ ಒಬ್ಬರೇ ಮೆನಾ ಅತ್ತೆ

ಬೆಳಗಿನ ಆರೂಕಾಲು ಗಂಟೆ. ಎದುರಿನ ಬಂಡೆಬೆಟ್ಟದ ನೆತ್ತಿಗೆ ಮಾತ್ರ ತುಸು ಬೂದು ಬೆಳಕು ತಾಗಿದೆ. ಕೆಳಗೆ ಇಟಲಿಯ ಉತ್ತರದಂಚಿನ ಪ್ಲಾನ್ ಸೊರೆಲ್ ಹಳ್ಳಿಯಲ್ಲಿ ನಮ್ಮ ಬೇಕರಿಯ ದೀಪವೊಂದನ್ನು ಬಿಟ್ಟರೆ ಎಲ್ಲವೂ ಮಲಗಿದೆ. ಸ್ಕೀ ಜಾರುವವರನ್ನು ಬೆಟ್ಟಕ್ಕೇರಿಸುವ ಕೋಲ್ ರೊದೋನ್ ಕುರ್ಚಿ ಲಿಫ್ಟಿನ ಕೆಳನಿಲ್ದಾಣದಲ್ಲಿ ಗರ್ರ್ ಎಂದು ಮೋಟಾರು ಎದ್ದು, ಕಬ್ಬಿಣದ ಹಗ್ಗಕ್ಕೆ ತೂಗಿಬಿದ್ದ ಕುರ್ಚಿಗಳು ಒಂದೊಂದಾಗಿ ಬರತೊಡಗಿವೆ. ಫಿಲುಮೆನಾ ತವೆಲ್ಲಾ ಉದ್ದ ಪೊರಕೆ ಹಿಡಿದು ನಿಂತಿದ್ದಾರೆ. ಕುರ್ಚಿ ಬಂದಂತೆ ರಪ್ಪನೆ ಒಂದೇಟು. ರಾತ್ರಿಯ ಹಿಮ ಹಾರುತ್ತದೆ. ಮುಂದಿನ ಕುರ್ಚಿಗೆ ಮತ್ತೊಂದು. ಹೀಗೆ ನೂರ ಅರವತ್ತೈದು ಏಟು.

ನಾನು ನೋಟುಪುಸ್ತಕ ತೆಗೆದದ್ದನ್ನು ನೋಡಿ ಅವರಿಗೆ ನಗು.

"ಅದನ್ನ ಜೇಬಿಗಿಟ್ಟು ಆ ಸಲಿಕೆ ತಗೊಳೇ. ಬೇಕರಿಯವನ ಮಗಳಾಗಿ ಬೆಳಿಗ್ಗೆ ಎದ್ದು ಬರೀ ಬರೀತಾ ನಿಂತ್ರೆ ನಿಮ್ಮಪ್ಪ ಏನಂದಾನು?"

ಸಲಿಕೆ ಹಿಡಿದ ಹತ್ತೇ ನಿಮಿಷಕ್ಕೆ ನನ್ನ ಬೆನ್ನು ಬಿಗಿದುಕೊಂಡಿದೆ. ಐವತ್ತೇಳರ ಮೆನಾ ಅತ್ತೆ (ಊರಿಗೆಲ್ಲ ಅವರು ಅತ್ತೆಯೇ) ಮೊಣಕಾಲೂರಿ ಕೂತು, ಕುರ್ಚಿ ಹತ್ತುವ ಜಾಗದ ಹಿಮವನ್ನು ಅಂಗೈಯಲ್ಲಿ ತಟ್ಟಿ ಮಟ್ಟ ಮಾಡುತ್ತಿದ್ದಾರೆ. ಇಲ್ಲಿ ನಾಲ್ಕು ಬೆರಳು ತಗ್ಗಾದರೆ ಮಕ್ಕಳಿಗೆ ಕುರ್ಚಿ ಎಟುಕುವುದಿಲ್ಲ. ನಾಲ್ಕು ಬೆರಳು ಎತ್ತರವಾದರೆ ದೊಡ್ಡವರ ಮೀನಖಂಡಕ್ಕೆ ಕುರ್ಚಿ ಬಡಿಯುತ್ತದೆ. ಅಳತೆಕೋಲು ಅವರ ಬಳಿ ಇಲ್ಲ. "ನನ್ನ ಮೊಣಕಾಲು ಹೇಳತ್ತೆ," ಎನ್ನುತ್ತಾರೆ.

ಆ ಮೊಣಕಾಲಿಗೂ ಒಂದು ಕಥೆಯಿದೆ. ಹತ್ತೊಂಬತ್ತರ ಹರೆಯದಲ್ಲಿ ಮೆನಾ ಈ ಕಣಿವೆಯ ಅತಿ ವೇಗದ ಹುಡುಗಿ. ಏಳು ಮಕ್ಕಳ ಮನೆಯಲ್ಲಿ ನಾಲ್ಕನೆಯವರು. ಅಣ್ಣಂದಿರು ತೊಟ್ಟು ಬಿಟ್ಟ ಬೂಟು, ಸವೆದ ಸ್ಕೀ ಹಲಗೆ, ಆದರೂ ಇಳಿಜಾರಿನಲ್ಲಿ ಅವರ ಹಿಂದೆ ಬಿದ್ದವರು ಹಿಂದೆಯೇ ಉಳಿಯುತ್ತಿದ್ದರು. ಮಾರ್ಚ್ ತಿಂಗಳ ಒಂದು ಪಂದ್ಯದಲ್ಲಿ ಎಡಗಾಲು ತಿರುಚಿಕೊಂಡಿತು. ಎರಡು ಶಸ್ತ್ರಚಿಕಿತ್ಸೆಯಾದರೂ ಮಂಡಿ ಪೂರ್ತಿ ಮಡಚಲಿಲ್ಲ. ಸ್ಕೀ ಕಲಿಸುವ ಶಿಕ್ಷಕಿಯಾಗಬೇಕೆಂದಿದ್ದವರು ಮೂರು ವರ್ಷ ಮನೆಯ ಕಿಟಕಿಯಿಂದ ಬೆಟ್ಟದ ಕಡೆ ನೋಡಲೇ ಇಲ್ಲವಂತೆ. ಲಿಫ್ಟಿನ ಕೆಲಸಕ್ಕೆ ಬಂದದ್ದು ಬೇರೆ ಏನೂ ಸಿಗದೆ. ಅದಾಗಿ ಇದು ಮೂವತ್ತೊಂದನೆಯ ಚಳಿಗಾಲ.

"ಮೊದಲನೇ ವರ್ಷ ಈ ಜನರನ್ನ ಕಂಡ್ರೆ ನನಗಾಗ್ತಿರ್ಲಿಲ್ಲ ಕಣೇ. ಇಂಗ್ಲಿಷರು ಮುಖ ಗಂಟು ಹಾಕ್ಕೊಂಡಿರ್ತಾರೆ, ಜರ್ಮನ್ನರು ಗಡಿಯಾರ ತೋರಿಸ್ತಾರೆ, ರೋಮಿನವರು ನನ್ನ ಕಾಲ್ಮೇಲೆ ಹತ್ತಿ ಕಾಫಿ ಎಲ್ಲಿ ಸಿಗತ್ತೆ ಅಂತ ಕೇಳ್ತಾರೆ. ಒಬ್ಬರಿಗೂ ಮರ್ಯಾದೆ ಇಲ್ಲ ಅಂದ್ಕೊಂಡಿದ್ದೆ. ಆಮೇಲೆ ಒಬ್ಬ ಹಾಲೆಂಡಿನವನು ಬಂದ."

ಆ ಡಚ್ಚನು ಕುರ್ಚಿ ಹತ್ತುವ ಮುಂಚೆ ನಿಂತು, ಅವರನ್ನು ನೋಡಿ, "ನಿಮ್ಮ ಟೋಪಿ ಚೆನ್ನಾಗಿಲ್ಲ," ಎಂದನಂತೆ. ಮೆನಾಗೆ ಎರಡು ದಿನ ಮೈ ಉರಿ. ಮೂರನೆಯ ದಿನ ಅದೇ ಮನುಷ್ಯ ಕಾಗದದ ಪೊಟ್ಟಣವೊಂದನ್ನು ಕೈಗಿತ್ತ. ಒಳಗೆ ಅವನ ಹೆಂಡತಿ ಹೋಟೆಲಿನ ಕೋಣೆಯಲ್ಲಿ ಕೂತು ಹೆಣೆದ ಉಣ್ಣೆಯ ಕೆಂಪು ಟೋಪಿ. "ಅದು ಕಿವಿ ಮುಚ್ಚುತ್ತಿರಲಿಲ್ಲ. ಇದು ಮುಚ್ಚುತ್ತೆ," ಎಂದವನೇ ಕುರ್ಚಿ ಹತ್ತಿ ಹೋದ.

"ಅವತ್ತು ತಲೆಗೆ ಹೋಯ್ತು. ಒಂದೊಂದು ಊರಲ್ಲಿ ಮರ್ಯಾದೆ ಅನ್ನೋದು ಒಂದೊಂದು ಥರ ಇರತ್ತೆ. ಅವನ ಊರಲ್ಲಿ ಇದ್ದದ್ದು ಇದ್ದ ಹಾಗೆ ಹೇಳೋದೇ ಪ್ರೀತಿ."

ಎಂಟೂಕಾಲಿಗೆ ಮೊದಲ ಗಿರಾಕಿಗಳು ಹಾಜರ್: ಜರ್ಮನಿಯ ದಂಪತಿ, ಬೆನ್ನುಚೀಲದಲ್ಲಿ ಮನೆಯಿಂದ ತಂದ ಬ್ರೆಡ್ಡು. ಲಿಫ್ಟು ತೆರೆಯುವುದು ಎಂಟೂವರೆಗೆ. ಹದಿನೈದು ನಿಮಿಷ ಮುಂಚೆ ಬಂದರೇ ಅವರಿಗೆ ಸಮಾಧಾನ. ಆಮೇಲೆ ಚೆಕ್ ದೇಶದವರು, ಪೋಲೆಂಡಿನವರು, ಫ್ಲಾಸ್ಕಿನ ಚಹಾದೊಂದಿಗೆ. ಒಂಬತ್ತರ ಸುಮಾರಿಗೆ ಇಂಗ್ಲಿಷರು. ಹತ್ತೂವರೆ ದಾಟಿದ ಮೇಲೆ, ಕಪ್ಪು ಕನ್ನಡಕ ತೊಟ್ಟು ಮೈಗೆ ಸುಗಂಧ ಪೂಸಿಕೊಂಡು, ಮದುವೆಮನೆಗೆ ಹೊರಟವರಂತೆ ದಕ್ಷಿಣ ಇಟಲಿಯ ಸಂಸಾರಗಳು. ಜನಜಂಗುಳಿಯ ವಾರದಲ್ಲಿ ದಿನಕ್ಕೆ ಎಂಟು ಸಾವಿರ ಸಲ ಯಾರಾದರೊಬ್ಬರು ಈ ಕುರ್ಚಿಗಳಲ್ಲಿ ಕೂರುತ್ತಾರೆ. ಎಂಟು ಸೆಕೆಂಡಿಗೊಂದು ಕುರ್ಚಿ. ಪ್ರತಿಯೊಂದನ್ನೂ ಮೆನಾ ಕೈಯಲ್ಲಿ ಹಿಡಿದು, ಕ್ಷಣಮಾತ್ರ ಜಗ್ಗಿ, ಕೂರುವವರ ಕಾಲಿಗೆ ಬಡಿಯದಂತೆ ಮೆಲ್ಲಗೆ ಬಿಡುತ್ತಾರೆ. ಜೊತೆಗೆ ಅವರವರ ಭಾಷೆಯಲ್ಲಿ ಒಂದು ನಮಸ್ಕಾರ. ಶಾಲೆಯಲ್ಲಿ ಕಲಿತದ್ದು ಜರ್ಮನ್, ಇಟಾಲಿಯನ್. ಮನೆಮಾತು ನಮ್ಮ ಲದೀನ್. ಉಳಿದ ಆರು ಈ ಸಾಲು ಕಲಿಸಿದ್ದು.

ಬಾಯಿ ತೆರೆಯುವ ಮೊದಲೇ ಯಾವ ದೇಶದವರೆಂದು ಹೇಗೆ ತಿಳಿಯುತ್ತದೆಂದು ಕೇಳುತ್ತೇನೆ.

"ಇಬ್ಬರ ಮಧ್ಯೆ ಎಷ್ಟು ಜಾಗ ಬಿಟ್ಟಿದ್ದಾರೆ ನೋಡು. ಒಂದು ಹಲಗೆ ಉದ್ದ ಬಿಟ್ಟಿದ್ರೆ ಸ್ವೀಡನ್. ಒಬ್ಬರ ಹಲಗೆ ಮೇಲೆ ಇನ್ನೊಬ್ಬರ ಹಲಗೆ ಹತ್ತಿದ್ರೆ ಫ್ರೆಂಚರೋ ನಮ್ಮ ಮಿಲಾನಿನವರೋ. ಹಲಗೆ ಹತ್ತಿದ್ದಕ್ಕೆ, ಕೆಳಗಿರೋ ಹಲಗೆಯವನೇ ಕ್ಷಮೆ ಕೇಳಿದ್ರೆ ಅವನು ಇಂಗ್ಲಿಷು!"

"ನಮ್ಮ ಕಣಿವೆಯವರು?"

"ನಾವಾ? ನಾವೆಲ್ಲಿ ಸಾಲಲ್ಲಿ ನಿಲ್ತೀವಿ? 'ಅತ್ತೇ, ಚೆನ್ನಾಗಿದೀರಾ?' ಅಂದ್ಕೊಂಡು ಪಕ್ಕದ ಬಾಗಿಲಿಂದ ನುಗ್ತೀವಿ. ನೀನೇ ಹೋದ ವಾರ ನುಗ್ಗಿದ್ದೆಯಲ್ಲ."

ನಾನು ತಲೆತಗ್ಗಿಸಿ ಹಿಮ ಕೆರೆಯುತ್ತೇನೆ.

ಮೆನಾ ಅತ್ತೆಯ ಬಗ್ಗೆ ಬರೆಯಬೇಕೆಂದು ನನಗನಿಸಿದ್ದು ಮೂರು ವರ್ಷದ ಹಿಂದಿನ ಒಂದು ಬೆಳಗಿನಿಂದ. ಅದು ಕಾರ್ನಿವಲ್ ಹಬ್ಬದ ವಾರ. ಅರ್ಧ ಯುರೋಪಿನ ಶಾಲೆಗಳಿಗೆ ರಜೆ. ಸಾಲು ರಸ್ತೆ ಮುಟ್ಟಿತ್ತು. ನೇಪಲ್ಸಿನ ಮೀನು ವ್ಯಾಪಾರಿ ಕಾರ್ಮಿನೆ ಸಾಲಿನಲ್ಲಿ ಒಬ್ಬನೇ ನಿಂತಿದ್ದ. ಮುಂಭಾಗ ಮುಟ್ಟುವ ಹೊತ್ತಿಗೆ, ಕಾಫಿ ಮುಗಿಸಿದ ಅವನ ಹೆಂಡತಿ, ಮಕ್ಕಳು, ಭಾವಮೈದ ಸೇರಿ ಏಳು ಜನ ಸಾಲಿನ ಬದಿಯ ಹಗ್ಗದಡಿ ನುಸುಳಿ ಬಂದು ಅವನನ್ನು ಸೇರಿಕೊಂಡರು. ಹಿಂದೆ ನಿಂತಿದ್ದವರು ಯಾರ್ಕ್‌ಶೈರಿನ ಡೆರಿಕ್ ಅಕ್‌ರಾಯ್ಡ್, ನಿವೃತ್ತ ರೈಲ್ವೆ ಗುಮಾಸ್ತ.

"ಕ್ಷಮಿಸಿ, ಸಾಲು ಶುರುವಾಗೋದು ಬಹುಶಃ ಅಲ್ಲಿಂದ," ಎಂದರು ಡೆರಿಕ್, ಕಿವಿ ಕೆಂಪಾಗಿಸಿಕೊಂಡು.

"ನಾನು ನಿಂತಿದ್ನಲ್ಲ ಸ್ವಾಮಿ! ನಾನು ನಿಂತ್ರೆ ನನ್ನ ಮನೆಯವರೆಲ್ಲ ನಿಂತ ಹಾಗೇ," ಎಂದ ಕಾರ್ಮಿನೆ.

"ನೀವು ಒಬ್ಬರು. ಇವರು ಏಳು ಜನ."

"ಲೆಕ್ಕ ಹಾಕೋಕೆ ಬಂದಿದೀರಾ, ಜಾರೋಕೆ ಬಂದಿದೀರಾ?"

ಮಾತು ಬೆಳೆಯಿತು. ಮೆನಾ ಇಬ್ಬರ ತೋಳನ್ನೂ ಹಿಡಿದು, "ನೀವಿಬ್ಬರೂ ಒಂದೇ ಕುರ್ಚಿ. ಹನ್ನೊಂದು ನಿಮಿಷದ ದಾರಿ, ಮೇಲೆ ಹೋಗೋದ್ರೊಳಗೆ ತೀರ್ಮಾನ ಮಾಡ್ಕೊಳ್ಳಿ," ಎಂದು ಕೂರಿಸಿಬಿಟ್ಟರು. ಪಕ್ಕದ ಮೂರನೆಯ ಜಾಗಕ್ಕೆ ಹಸಿರು ಅಂಗಿ ತೊಟ್ಟು ಫ್ಲಾಸ್ಕು ಹಿಡಿದ ಹಲೀನಾ ಎಂಬ ಪೋಲೆಂಡಿನ ಹೆಂಗಸು ಹತ್ತಿದರು. ಕಾರ್ಮಿನೆಯ ಸಂಸಾರ ಸಾಲಿನ ಕೊನೆಗೆ ಹೋಯಿತು, ಗೊಣಗುತ್ತ.

ಆರು ನಿಮಿಷವಾಗಿತ್ತು. ದೊಡ್ಡ ಚಕ್ರದ ಕಡೆಯಿಂದ ಟಪ್ಪೆಂದು ಸದ್ದು ಬಂದು ಲಿಫ್ಟು ನಿಂತಿತು. ಗೇರಿನ ಪೆಟ್ಟಿಗೆಯೊಳಗೆ ಏನೋ ಮುರಿದಿತ್ತು. ಇಂಥ ಹೊತ್ತಿಗೆಂದೇ ಇಟ್ಟಿದ್ದ ಡೀಸೆಲ್ ಎಂಜಿನ್ನೂ ಚಳಿಗೆ ಸೆಟೆದುಕೊಂಡಿತ್ತು. ಮೈನಸ್ ಹದಿನಾಲ್ಕು ಡಿಗ್ರಿಯಲ್ಲಿ, ನೆಲದಿಂದ ಹದಿನೈದು ಮೀಟರ್ ಎತ್ತರದಲ್ಲಿ, ಇನ್ನೂರು ಚಿಲ್ಲರೆ ಜನ ತೂಗಾಡುತ್ತಿದ್ದರು. ಮೆಕ್ಯಾನಿಕ್ ಲೋಯಿಸ್ ಎಂಜಿನ್ನಿನೊಳಗೆ ತಲೆ ತೂರಿಸಿದ. ಪರ್ವತ ರಕ್ಷಣಾ ಪಡೆಗೆ ಕರೆ ಹೋಯಿತು. ಕಂಬಗಳ ಮೇಲಿನ ಧ್ವನಿವರ್ಧಕದಲ್ಲಿ ಮುದ್ರಿತ ಧ್ವನಿಯೊಂದು ಮೂರು ಭಾಷೆಗಳಲ್ಲಿ "ಶಾಂತರಾಗಿರಿ" ಎನ್ನುತ್ತಲೇ ಇತ್ತು.

"ಅದನ್ನ ಕೇಳಿ ನನಗೇ ಗಾಬರಿಯಾಯ್ತು," ಎನ್ನುತ್ತಾರೆ ಮೆನಾ. "ಆಫ್ ಮಾಡಿ ಮೈಕು ನಾನೇ ಹಿಡ್ಕೊಂಡೆ."

ಮೇಲಿನಿಂದ ಬರುತ್ತಿದ್ದ ಸದ್ದಿನಲ್ಲೇ ಅವರಿಗೆ ದೇಶಗಳು ಕಾಣುತ್ತಿದ್ದವು. ಎಷ್ಟು ಹೊತ್ತು, ಎಷ್ಟು ಹೊತ್ತು ಎಂದು ಜರ್ಮನ್ನರು. ಹಾಡು ಹೇಳುತ್ತ ಕುರ್ಚಿಯನ್ನೇ ಉಯ್ಯಾಲೆ ಮಾಡಿಕೊಂಡ ಡಚ್ಚರು. ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತಿದ್ದ ಇಟಲಿಯವರು. ಮೆನಾ ಜರ್ಮನ್ನಿನಲ್ಲಿ, "ಎಷ್ಟು ಹೊತ್ತು ಅಂತ ನನಗೂ ಗೊತ್ತಿಲ್ಲ, ಐದು ನಿಮಿಷಕ್ಕೊಂದ್ಸಲ ಗೊತ್ತಿರೋದನ್ನ ಹೇಳ್ತೀನಿ," ಎಂದರು. ಐದು ನಿಮಿಷಕ್ಕೊಮ್ಮೆ ತಪ್ಪದೆ ಹೇಳಿದರು ಕೂಡ. ಡಚ್ಚರಿಗೆ, "ಹಾಡಿ ಮಕ್ಕಳಾ, ಗಟ್ಟಿಯಾಗಿ ಹಾಡಿ, ಆದರೆ ಕುರ್ಚಿ ಅಲ್ಲಾಡಿಸಿದ್ರೆ ಬಂದು ಕಿವಿ ಹಿಂಡ್ತೀನಿ!" ಇಟಲಿಯವರಿಗೊಂದು ಕೆಲಸ ಕೊಟ್ಟರು: ಹೇಗೂ ಕೂಗ್ತಿದ್ದೀರಿ, ನಿಮ್ಮ ಮುಂದಿನ ಕುರ್ಚಿಯವರು, ಹಿಂದಿನ ಕುರ್ಚಿಯವರು ಹೇಗಿದ್ದಾರೆ ಕೇಳಿ, ಕೇಳಿದ್ದನ್ನ ಕೆಳಗಿನವರಿಗೆ ದಾಟಿಸಿ.

"ಇಂಗ್ಲಿಷರ ಸದ್ದೇ ಇರ್ಲಿಲ್ಲ. ನನಗೆ ಭಯ ಇದ್ದದ್ದು ಅವರದೇ. ಅವರು ಸಾಯ್ತಾ ಇದ್ರೂ ತೊಂದ್ರೆ ಕೊಡಬಾರದು ಅಂತ ಸುಮ್ನಿರ್ತಾರೆ."

ನಲವತ್ತನೆಯ ನಿಮಿಷಕ್ಕೆ, ಬಾಯಿಂದ ಬಾಯಿಗೆ ದಾಟಿ, ಕಾರ್ಮಿನೆಯ ಕೂಗು ಕೆಳಗೆ ತಲುಪಿತು: "ಇಲ್ಲೊಬ್ಬ ಇಂಗ್ಲಿಷ್ ಯಜಮಾನರು ಚೆನ್ನಾಗಿದೀನಿ ಅಂತಿದಾರೆ. ಚೆನ್ನಾಗಿಲ್ಲ! ಬೆವರ್ತಿದಾರೆ, ಮಾತು ತೊದಲ್ತಿದೆ!"

ಆ ಚಳಿಯಲ್ಲಿ ಬೆವರು ಎಂದರೆ ಏನೆಂದು ಮೆನಾಗೆ ಗೊತ್ತಿತ್ತು. ಅವರ ತಾಯಿಗೂ ಸಕ್ಕರೆ ಕಾಯಿಲೆಯಿತ್ತು; ರಕ್ತದ ಸಕ್ಕರೆ ತೀರಾ ಇಳಿದಾಗ ಹೀಗೇ ಬೆವರಿ ತೊದಲುತ್ತಿದ್ದರು, ಸಿಹಿ ಕುಡಿಸಿದರೆ ಸರಿಹೋಗುತ್ತಿದ್ದರು. "ಸಕ್ಕರೆ ಕಾಯಿಲೆಯಾ ಕೇಳಿ! ನುಂಗೋಕಾಗತ್ತಾ ಕೇಳಿ!" ಪ್ರಶ್ನೆ ಕುರ್ಚಿಯಿಂದ ಕುರ್ಚಿಗೆ ಏರಿತು, ಉತ್ತರ ಇಳಿಯಿತು: ಎರಡಕ್ಕೂ ಹೌದು. ಆಗ ಮೆನಾ ಪೋಲಿಷ್ ಭಾಷೆಯಲ್ಲಿ, ತನಗೆ ಬರುವ ಮೂವತ್ತು ಶಬ್ದಗಳಲ್ಲೇ, ಧ್ವನಿವರ್ಧಕದಲ್ಲಿ ಕೇಳಿದರು: "ಹಸಿರು ಅಂಗಿಯ ಅಮ್ಮಾ, ನಿಮ್ಮ ಚಹಾ ಸಿಹಿಯಾ?"

ಹಲೀನಾರ ಫ್ಲಾಸ್ಕಿನಲ್ಲಿದ್ದದ್ದು ರಾಸ್ಪ್‌ಬೆರಿ ಪಾನಕ ಬೆರೆಸಿದ ಚಹಾ, ಪೋಲೆಂಡಿನ ಅಜ್ಜಿಯರು ಮಾಡುವಷ್ಟು ಸಿಹಿ. ಹಲೀನಾ ಬಗ್ಗಿಸಿಕೊಟ್ಟರು, ಕಾರ್ಮಿನೆ ಒಂದು ಕೈಯಲ್ಲಿ ಡೆರಿಕ್‌ರ ತಲೆ ಆನಿಸಿಕೊಂಡು ಇನ್ನೊಂದರಲ್ಲಿ ಗುಟುಕು ಗುಟುಕಾಗಿ ಕುಡಿಸಿದ. ತನ್ನ ಕೋಟು ಬಿಚ್ಚಿ ಹೊದಿಸಿದ. ಕಾಲು ಗಂಟೆಯ ಮೇಲೆ ಮತ್ತೆ ಕೂಗು: "ಕ್ಷಮೆ ಕೇಳೋಕೆ ಶುರು ಮಾಡಿದಾರೆ! ಹುಷಾರಾದ್ರು ಅನ್ಸತ್ತೆ!"

ಇಡೀ ಬೆಟ್ಟ ನಕ್ಕಿತು. ಅನುವಾದ ತಲುಪಿದಂತೆಲ್ಲ ಒಂದೊಂದು ಕುರ್ಚಿ ನಗುತ್ತ ಬಂತೆಂದು ಲೋಯಿಸ್ ಈಗಲೂ ನೆನೆಯುತ್ತಾನೆ. ರಕ್ಷಣಾ ಪಡೆ ಹಗ್ಗ ಬಿಚ್ಚುವ ಹೊತ್ತಿಗೆ ಅವನ ಡೀಸೆಲ್ ಎಂಜಿನ್ ಕೆಮ್ಮಿ ಎದ್ದಿತು. ಒಂದು ಗಂಟೆ ಐವತ್ತು ನಿಮಿಷದ ನಂತರ ಕುರ್ಚಿಗಳು ಬಸವನಹುಳುವಿನಂತೆ ಮೇಲೇರಿದವು. ಕೆಲವರ ಬೆರಳು ಮರಗಟ್ಟಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಮರುದಿನ ಪತ್ರಿಕೆಯಲ್ಲಿ ರಕ್ಷಣಾ ಪಡೆಯ ಚಿತ್ರ ಬಂತು. ಮೆನಾರ ಹೆಸರು ಎಲ್ಲೂ ಇರಲಿಲ್ಲ.

"ನಾನು ಮಾತಾಡಿದ್ದು ಬಿಟ್ರೆ ಏನ್ ಮಾಡಿದೆ? ಚಹಾ ಆಯಮ್ಮಂದು, ಕೋಟು ಮೀನಿನವನದು."

ಮರುವರ್ಷ ಅದೇ ವಾರ ಡೆರಿಕ್ ಬಂದರು. ಒಂಬತ್ತು ಗಂಟೆಗೇ ಸಾಲಿನಲ್ಲಿ ನಿಂತರು. ಮುಂಭಾಗ ಮುಟ್ಟಿದಾಗ ಬದಿಗೆ ಸರಿದು ನಿಂತುಬಿಟ್ಟರು. "ಮೇಡಂ, ನನ್ನ ಮನೆಯವರು ಬರಬೇಕು," ಎಂದರಂತೆ, ಮತ್ತೆ ಕಿವಿ ಕೆಂಪಾಗಿಸಿಕೊಂಡು. ಸ್ವಲ್ಪ ಹೊತ್ತಿಗೆ ಕಾರ್ಮಿನೆಯ ಇಡೀ ಸಂಸಾರ ಹಗ್ಗದಡಿ ನುಸುಳಿ ಬಂತು. ಹಿಂದಿದ್ದ ಜರ್ಮನ್ನನೊಬ್ಬ ಆಕ್ಷೇಪಿಸಿದಾಗ ಉತ್ತರ ಕೊಟ್ಟದ್ದು ಡೆರಿಕ್ಕೇ: "ನಾನು ನಿಂತಿದ್ದೆನಲ್ಲ!"

ಇದನ್ನು ಹೇಳುತ್ತ ಮೆನಾ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ, ಆದರೆ ಕೈ ಒಂದು ಕುರ್ಚಿಯನ್ನೂ ತಪ್ಪಿಸುವುದಿಲ್ಲ.

ಸಂಜೆ ನಾಲ್ಕೂವರೆಗೆ ಕೆಲಸ ಮುಗಿದಾಗ ಕೈಗವಸು ಬಿಚ್ಚುವುದಕ್ಕೇ ಅವರಿಗೆ ಐದು ನಿಮಿಷ ಬೇಕು. ಚಳಿಗೆ ಬೆರಳ ಗಿಣ್ಣುಗಳು ಊದಿರುತ್ತವೆ. ಗಂಡ ಬೆರ್ತೊ ರಾತ್ರಿಯಿಡೀ ಇಳಿಜಾರಿನ ಹಿಮ ಹದ ಮಾಡುವ ಯಂತ್ರ ಓಡಿಸುತ್ತಾರೆ. ಇವರು ಮನೆ ಸೇರುವಾಗ ಅವರು ಹೊರಡುತ್ತಾರೆ. ಡಿಸೆಂಬರಿನಿಂದ ಈಸ್ಟರ್‌ವರೆಗೆ ಅವರ ಸಂಸಾರ ನಡೆಯುವುದು ಅಡುಗೆಮನೆ ಮೇಜಿನ ಮೇಲಿನ ಚೀಟಿಗಳಲ್ಲಿ. "ಬಾರ್ಲಿ ಸೂಪು ಒಲೆ ಮೇಲಿದೆ ಅಂತ ನಾನು ಬರೀತೀನಿ, ಉಪ್ಪು ಜಾಸ್ತಿ ಅಂತ ಅವರು ಬರೀತಾರೆ. ಜಗಳ ಮಾಡೋಕೆ ಏಪ್ರಿಲ್‌ವರೆಗೆ ಕಾಯ್ಬೇಕು. ಅಷ್ಟರಲ್ಲಿ ಮರೆತುಹೋಗಿರತ್ತೆ."

ಇನ್ನೆರಡು ಚಳಿಗಾಲ ಕಳೆದರೆ ನಿವೃತ್ತಿ. ಆಮೇಲೇನು ಎಂದು ಕೇಳಿದರೆ, ಮೊದಲೇ ಯೋಚಿಸಿಟ್ಟವರಂತೆ ತಡಮಾಡದೆ ಹೇಳುತ್ತಾರೆ.

"ನಾನು ಇಲ್ಲೇ ಕೆಳಗಿರೋ ವೆರೋನಾ ಪಟ್ಟಣ ದಾಟಿಲ್ಲ. ಬೆರ್ತೊನ ಕರ್ಕೊಂಡು ಒಂದ್ಸಲ ಇವರೆಲ್ಲರ ಊರಿಗೂ ಹೋಗ್ಬೇಕು. ಚರ್ಚು, ಅರಮನೆ ಯಾವುದೂ ಬೇಡ. ಬಸ್ಸಿನ ಸಾಲಲ್ಲಿ ನಿಲ್ಬೇಕು. ಲಂಡನ್ನಲ್ಲಿ ಒಂದಿನ, ವಾರ್ಸಾದಲ್ಲಿ ಒಂದಿನ, ನೇಪಲ್ಸಲ್ಲಿ ಒಂದಿನ."

"ಸಾಲಲ್ಲಿ ನಿಂತು ಏನ್ ಮಾಡ್ತೀರಿ ಅತ್ತೆ?"

"ಏನೂ ಮಾಡಲ್ಲ ಕಣೇ. ಯಾರೂ ಬೀಳದ ಹಾಗೆ ನೋಡ್ಕೊಳ್ಳೋದು ಆವತ್ತು ಬೇರೆಯವರ ಕೆಲಸ. ನಾನು ಸುಮ್ನೆ ಸಾಲಲ್ಲಿರೋಳು."