ಹೂಂ ಅಂದಿದ್ದಳು

ನನ್ನ ಹೆಂಡತಿ ಹೂಂ ಅಂದಿದ್ದಳು. ಒಂದು ಸಲವಲ್ಲ, ವರ್ಷಗಟ್ಟಲೆ ಅಂದಿದ್ದಳು. ಅಷ್ಟೂರಿನ ಗುಮ್ಮಟಗಳ ನೆರಳಿನಲ್ಲಿ ಅಂದಿದ್ದಳು, ಬೀದರದ ಸಂತೆಯಲ್ಲಿ ಮೆಂತ್ಯ ಸೊಪ್ಪು ಆರಿಸುತ್ತ ಅಂದಿದ್ದಳು, ಸ್ಕೂಟರಿನ ಹಿಂದಿನ ಸೀಟಿನಿಂದ ನನ್ನ ಕಿವಿಯ ಹತ್ತಿರ ಬಾಯಿ ತಂದು ಅಂದಿದ್ದಳು. ಸರ್ಕಾರಿ ಕಚೇರಿಯಲ್ಲಿ ಜೀವಮಾನವಿಡೀ ಗುಮಾಸ್ತಿಕೆ ಮಾಡಿದವನು ನಾನು. ಅಲ್ಲಿ ಒಂದು ಟಿಪ್ಪಣಿಗೆ ಮೇಲಿನವರು ಒಮ್ಮೆ ಸಹಿ ಹಾಕಿದರೆ ಮುಗಿಯಿತು, ಅದು ಆದೇಶ. ಇಲ್ಲಿ ಸಹಿಗಳ ರಾಶಿಯೇ ಬಿದ್ದಿತ್ತು. ಹೀಗಾಗಿ ಮುಂದೆ ನಡೆದದ್ದಕ್ಕೆ ನಾನು ವಿಶ್ವಾಸದ್ರೋಹ ಎಂಬ ಶಬ್ದವನ್ನೇ ಬಳಸುತ್ತೇನೆ. ಓದುವವರು ಬೇಕಾದರೆ ತಮ್ಮ ಮಟ್ಟಿಗೆ ಮೆತ್ತಗೆ ಮಾಡಿಕೊಳ್ಳಲಿ.

ವಿಷಯ ನಮ್ಮಿಬ್ಬರ ನಿವೃತ್ತಿಯದು. ಅವಳು ಸಾಲಿ ಮಾಸ್ತರಿಣಿ, ಕೊನೆಗೆ ಭಾಲ್ಕಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ದಿನಾ ಬೆಳಗ್ಗೆ ಬೀದರದಿಂದ ಬಸ್ಸು ಹಿಡಿದು ಹೋಗುವುದು, ಸಂಜೆ ಧೂಳು ಹೊತ್ತು ಬರುವುದು. ಭಾನುವಾರ ಮಾತ್ರ ನಾವಿಬ್ಬರೂ ಡಬ್ಬಿಯಲ್ಲಿ ಭಜ್ಜಿ ಕಟ್ಟಿಕೊಂಡು ಅಷ್ಟೂರಿಗೆ ಹೋಗುತ್ತಿದ್ದೆವು. ನಿವೃತ್ತಿಯ ಬಗ್ಗೆ ಯೋಚಿಸಲು ಅದಕ್ಕಿಂತ ಯೋಗ್ಯ ಸ್ಥಳ ನಮ್ಮ ಜಿಲ್ಲೆಯಲ್ಲಿಲ್ಲ. ಅಲ್ಲಿನ ಗೋರಿಗಳಲ್ಲಿ ಮಲಗಿರುವ ಸುಲ್ತಾನರಷ್ಟು ಪೂರ್ತಿಯಾಗಿ ನಿವೃತ್ತರಾದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರಲ್ಲೊಬ್ಬನ ಗುಮ್ಮಟಕ್ಕೆ ಸಿಡಿಲು ಬಡಿದು ಅರ್ಧ ಉದುರಿ ಹೋಗಿದೆ. ಯೋಜನೆ ಹಾಕುವವರಿಗೆ ಅದೊಂದು ಎಚ್ಚರಿಕೆ ಎಂದು ಆಗ ಹೊಳೆಯಲಿಲ್ಲ.

ಯೋಜನೆ ಸರಳವಾಗಿತ್ತು. ಬೀದರದ ಅಂಚಿನ ನೌಬಾದದಲ್ಲಿ ಒಂದು ಸಣ್ಣ ಮನೆ, ಪೂರ್ವಕ್ಕೆ ಪಡಸಾಲೆ, ಪಡಸಾಲೆಯಲ್ಲಿ ಎರಡು ಬೆತ್ತದ ಕುರ್ಚಿ. ಬೆಳಗ್ಗೆ ನಾವಿಬ್ಬರೂ ಕೂತಿರುತ್ತೇವೆ. ಚಹಾ ಬರುತ್ತದೆ. ಪೇಪರು ಬರುತ್ತದೆ. ನಾನು ಓದಿ ಹೇಳುತ್ತೇನೆ, ಜೊತೆಗೆ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಅವಳು ಕೇಳುತ್ತಾಳೆ. ಬಿಸಿಲು ಮೆಟ್ಟಿಲು ಏರುವ ಹೊತ್ತಿಗೆ ಇನ್ನೊಂದು ಚಹಾ ಬರುತ್ತದೆ. ಎಲ್ಲಿಗೂ ಹೋಗುವ ಗಡಿಬಿಡಿಯಿಲ್ಲ, ಬಸ್ಸಿಲ್ಲ, ಗಂಟೆಯಿಲ್ಲ. ನಾನು ಇದನ್ನು ಪ್ರತಿ ಸಲ ಹೊಸ ವಿವರ ಸೇರಿಸಿ ಹೇಳುತ್ತಿದ್ದೆ. ಒಮ್ಮೆ ಮಲ್ಲಿಗೆ ಬಳ್ಳಿ ಸೇರಿಸಿದೆ, ಒಮ್ಮೆ ರೇಡಿಯೋ. ಅವಳು ಭಜ್ಜಿ ತಿನ್ನುತ್ತ ಹೂಂ ಅನ್ನುತ್ತಿದ್ದಳು.

ನಾನು ಅವಳಿಗಿಂತ ಮೊದಲು ನಿವೃತ್ತನಾದೆ. ಕಚೇರಿಯವರು ಅರಿಶಿನ ಬಣ್ಣದ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನನ್ನ ಪ್ರಾಮಾಣಿಕತೆಯನ್ನು ನನಗೇ ಗುರುತು ಹತ್ತದಷ್ಟು ಹೊಗಳಿ ಕಳಿಸಿದರು. ಆ ಶಾಲನ್ನು ಡಾಂಬರ ಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟೆ. ಮನೆ ಆಗಲೇ ಕಟ್ಟಿ ಮುಗಿದಿತ್ತು. ಎರಡು ಕುರ್ಚಿ ತಂದೆ. ಒಂದರಲ್ಲಿ ನಾನು ಕೂತೆ. ಇನ್ನೊಂದರ ಪ್ಲಾಸ್ಟಿಕ್ಕು ಬಿಚ್ಚಲಿಲ್ಲ. ಅವಳ ನಿವೃತ್ತಿಯ ಮರುದಿನ ಅವಳ ಸಮ್ಮುಖದಲ್ಲೇ ಬಿಚ್ಚಬೇಕೆಂದು ಸಂಕಲ್ಪ. ಪಕ್ಕದ ಮನೆಯ ನಿವೃತ್ತ ಕಂಪೌಂಡರ್ ಸಾಹೇಬರು ಬಂದಾಗಲೆಲ್ಲ ಆ ಕುರ್ಚಿಯ ಕಡೆ ನೋಡುವರು.

"ಅದರಾಗ ಕೂಡ್ಲಾ ಏನ್ರಿ?"

"ಬ್ಯಾಡ್ರಿ, ಅದು ಮೀಸಲು ಅದ."

ಅವರು ಮೆಟ್ಟಿಲ ಮೇಲೆ ಕೂಡುತ್ತಿದ್ದರು. ನಾನೂ ಕಲ್ಲು ಮನಸ್ಸಿನವನೇ.

ಕೊನೆಗೆ ಅವಳ ಬೀಳ್ಕೊಡುಗೆ ಬಂತು. ಭಾಲ್ಕಿಯ ಶಾಲೆಯ ಅಂಗಳದಲ್ಲಿ ಶಾಮಿಯಾನ, ಮಕ್ಕಳ ಸ್ವಾಗತ ಗೀತೆ, ಅವಳಿಗೊಂದು ನೀಲಿ ಶಾಲು. ಮೇಡಂ ಅವರ ಯಜಮಾನರೂ ಎರಡು ಮಾತಾಡಬೇಕೆಂದು ಶಾಲೆಯವರು ನನ್ನನ್ನು ಕರೆದರು. ನಾನು ಎರಡಕ್ಕೆ ನಿಲ್ಲುವವನಲ್ಲ. ಅಷ್ಟೂರಿನಿಂದ ಶುರು ಮಾಡಿ ಕುರ್ಚಿಯವರೆಗೆ ಬಂದೆ. "ನಾಳೆಯಿಂದ ಈ ತಾಯಿ ಯಾವ ಬಸ್ಸಿಗೂ ಕಾಯಬೇಕಾಗಿಲ್ಲ, ನೌಬಾದದ ಪಡಸಾಲೆಯಲ್ಲಿ ವಿಶ್ರಾಂತಿ ಕಾದಿದೆ" ಎಂದೆ. ಮುಂದಿನ ಸಾಲಿನಲ್ಲಿದ್ದ ಶಿಕ್ಷಕಿಯರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನ್ನ ಹಾಸ್ಯಕ್ಕೆ ಭಾಲ್ಕಿಯಲ್ಲಿ ಇಷ್ಟು ಬೆಲೆಯಿದೆಯೆಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಅವರಲ್ಲೊಬ್ಬಳು ಹತ್ತಿರ ಬಂದಳು.

"ಸರ್, ನಿಮಗ ಮೇಡಂ ಹೇಳ್ಯಾರಿಲ್ರಿ?"

"ಏನಮ್ಮಾ?"

"ಏನಿಲ್ರಿ. ಜಿಲೇಬಿ ಹಾಕ್ಲಾ? ಬಿಸಿ ಅದಾವ."

ಜಿಲೇಬಿ ಹಾಕಿಸಿಕೊಂಡೆ. ಚೆನ್ನಾಗಿತ್ತು.

ಮರುದಿನ ಭಾನುವಾರ, ಪ್ಲಾಸ್ಟಿಕ್ಕು ಬಿಚ್ಚಿದೆ. ಅವಳು ಕುರ್ಚಿಯನ್ನು ನೋಡಿ, "ಛಲೋ ಅದ" ಎಂದು ಅದರ ಮೇಲೆ ಒಣಗಿದ ಬಟ್ಟೆಗಳನ್ನಿಟ್ಟು ಮಡಚಿದಳು. ಸೋಮವಾರ ಬೆಳಗ್ಗೆ ನೋಡಿದರೆ ಸೀರೆ ಉಟ್ಟು ಚೀಲ ಹಿಡಿದು ನಿಂತಿದ್ದಾಳೆ.

"ಬಸ್‌ಸ್ಟ್ಯಾಂಡಿಗಿ ಬಿಡ್ತೀರೇನ್ರಿ? ಔರಾದಕ್ಕ ಹೋಗಿ ಬರ್ತೇನಿ."

ಔರಾದ ನನ್ನ ಹುಟ್ಟೂರು. ಅಲ್ಲಿ ನನ್ನ ತಂಗಿಯಿದ್ದಾಳೆ. ಗಂಡ ತೀರಿಕೊಂಡ ಮೇಲೆ ಹೊಲ, ಕುರಿ ನೋಡಿಕೊಂಡು ತವರಿನ ಮನೆಯಲ್ಲೇ ನಿಂತವಳು. ನಿವೃತ್ತಿಯ ಪೇಡೆ ಕೊಟ್ಟು ಬರಲು ಹೊರಟಿದ್ದಾಳೆಂದುಕೊಂಡೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಪೇಡೆ ಹಂಚುವುದೂ ಸುಲಭ. ಸ್ಕೂಟರಿನ ಮೇಲೆ ಬಿಟ್ಟು ಬಂದೆ. ಸಂಜೆ ಬರಲಿಲ್ಲ. ಫೋನು ಮಾಡಿದರೆ, "ಇಲ್ಲೇ ಇದ್ದೀನ್ರಿ, ಫ್ರಿಜ್ಜಿನಾಗ ಪಲ್ಯ ಅದ" ಎಂದಳು. ಮರುದಿನ, "ರೊಟ್ಟಿ ಡಬ್ಬಿ ಮ್ಯಾಲಿನ ಫಳಿ ಮ್ಯಾಲ ಅದ ನೋಡ್ರಿ" ಎಂದಳು. ಅದರ ಮರುದಿನ ಡಬ್ಬಿ ಖಾಲಿಯಾಯಿತು. ಈ ಪ್ರಕರಣವನ್ನು ಖುದ್ದಾಗಿ ತನಿಖೆ ಮಾಡುವುದು ಅನಿವಾರ್ಯವಾಯಿತು.

ಬಸ್ಸಿನಲ್ಲಿ ಕಂಡಕ್ಟರು ನನ್ನ ಮುಖ ನೋಡಿದ.

"ಹೆಡ್ ಮೇಡಂನವರ ಯಜಮಾನ್ರಲ್ಲೇನ್ರಿ? ಸೋಮವಾರ ಸ್ಕೂಟರ್ ಮ್ಯಾಲ ಬಿಡ್ಲಾಕ ಬಂದಿದ್ರಿ. ಮೇಡಂಗ ಹೇಳೀನ್ರಿ, ಸೋಮವಾರಕ್ಕೊಮ್ಮಿ ನಿಮ್ಮ ಕಿಡಕಿ ಸೀಟು ಪಕ್ಕಾ ಅಂತ."

"ಸೋಮವಾರಕ್ಕೊಮ್ಮೆ?"

"ಅವರೇ ಅಂದ್ರಲ್ರಿ. ನೀವು ಟಿಕೆಟ್ ತಗೋರಿ."

ಟಿಕೆಟ್ ತಗೊಂಡೆ. ಆ ಬಸ್ಸಿನಲ್ಲಿ ಮುಂದಿನ ಅರ್ಧ ಪೂರಾ ಹೆಂಗಸರು, ಎಲ್ಲರೂ ಎಲ್ಲಿಗೋ ನಗುತ್ತ ಹೊರಟಿದ್ದರು. ಮನೆಮನೆಯಲ್ಲೂ ಒಂದೊಂದು ಕುರ್ಚಿ ಖಾಲಿ ಬಿದ್ದಿರಬಹುದೆಂಬ ಗಾಬರಿ ನನಗೆ ಮೊದಲ ಸಲ ಆಯಿತು.

ಔರಾದದಲ್ಲಿ ತಂಗಿಯ ಮನೆ ಊರಿನ ಅಂಚಿಗಿದೆ. ಅಂಗಳದಲ್ಲಿ ಬೇವಿನ ಮರ, ಅದರಾಚೆ ಕುರಿಯ ಹಟ್ಟಿ. ಮರದ ಕೆಳಗೆ ಹಳೆ ಬಟ್ಟೆಯ ತುಂಡುಗಳ ದೊಡ್ಡದೊಂದು ಕೌದಿ ಹರಡಿಕೊಂಡು, ಆ ತುದಿಗೆ ತಂಗಿ, ಈ ತುದಿಗೆ ನನ್ನ ಹೆಂಡತಿ ಕೂತು ಹೊಲಿಯುತ್ತಿದ್ದರು. ನನ್ನ ಹೆಂಡತಿ ಏನೋ ಹೇಳುತ್ತ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಆ ನಗೆಯನ್ನು ನಾನು ಅಷ್ಟೂರಿನಲ್ಲಿ ಕೇಳಿದ ನೆನಪಿಲ್ಲ. ನನ್ನನ್ನು ಕಂಡಾಗ ಅದು ನಿಂತಿತು. ಅದೇ ಮೊದಲು ಚುಚ್ಚಿದ್ದು.

"ಅಯ್ಯ, ಅಣ್ಣ ಬಂದ!" ಎಂದು ತಂಗಿ ಅತ್ತಿಗೆಯ ಕಡೆ ತಿರುಗಿದಳು. "ನೋಡು ವೈನಿ, ನಾ ಅಂದಿದ್ದಿಲ್ಲ? ರೊಟ್ಟಿ ತೀರಿದ ದಿನಾ ಬರ್ತಾನಂತ."

"ಊಟ ಆಯ್ತೇನ್ರಿ?" ಎಂದಳು ಹೆಂಡತಿ.

"ಊಟ ಇರ್ಲಿ. ಇದೇನು ನಡದದ ಇಲ್ಲಿ?"

"ಕೌದಿ ಹೊಲೀಲತ್ತೀವ್ರಿ."

"ಅದು ಕಾಣ್ತದ. ಎಲ್ಲೀತನಕ?"

"ಸೋಮವಾರದಿಂದ ಶುಕ್ರವಾರ ತನಕ ಇಲ್ಲಿ. ಶನಿವಾರ, ಐತವಾರ ನೌಬಾದ."

"ಈ ವಾರ?"

"ಎಲ್ಲಾ ವಾರ್ರಿ."

ನಾನು ಹೊರಸಿನ ಮೇಲೆ ಕೂತೆ. ನಿಂತೇ ಕೇಳಬಹುದಾದ ಸುದ್ದಿಯಲ್ಲ ಅದು. "ಮತ್ತ ನಮ್ಮ ಪ್ಲಾನ್? ಕುರ್ಚಿ? ನೀ ಹೂಂ ಅಂದಿದ್ದಿ!"

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಅಂದಿದ್ದೆ ಖರೇ. ನೀವು ಕತಿ ಹೇಳ್ಲತ್ತಿದ್ರಿ. ಕತಿ ಹೇಳೋರಿಗಿ ಯಾರರೇ ಹೂಂ ಅನಬೇಕಲ್ರಿ."

ಇದನ್ನು ಒಂದಿಷ್ಟು ಬಿಡಿಸಿ ಹೇಳಬೇಕು. ಈ ಮನೆಯಲ್ಲಿ ನಮ್ಮಜ್ಜಿ ಕತೆ ಹೇಳುವಾಗ ಒಬ್ಬರು ಕಡ್ಡಾಯವಾಗಿ ಹೂಂ ಅನ್ನುತ್ತಿರಬೇಕಿತ್ತು. ಹೂಂ ನಿಂತರೆ ಅವಳೂ ನಿಲ್ಲಿಸಿಬಿಡುವಳು. "ಹೂಂ ಅನ್ರಿ, ಇಲ್ಲಾಂದ್ರ ರಾಜಕುಮಾರ ಅಡವ್ಯಾಗೇ ಉಳೀತಾನ" ಎಂದು ಹೆದರಿಸುವಳು. ನನ್ನ ಹೆಂಡತಿ ಹೊಸ ಸೊಸೆಯಾಗಿ ಬಂದಾಗ ಅಜ್ಜಿ ಆ ಹುದ್ದೆಯನ್ನು ಅವಳಿಗೇ ವಹಿಸಿದ್ದಳು. ಅಂದರೆ ನನ್ನನ್ನು ಮುಳುಗಿಸಿದ ಆ ಹೂಂ ನಮ್ಮ ಮನೆಯಲ್ಲೇ, ನಮ್ಮ ಹಿರಿಯರಿಂದಲೇ ತರಬೇತಿ ಪಡೆದದ್ದು.

"ಇದು ಕತಿ ಅಲ್ಲ, ನಮ್ಮ ಸಂಸಾರ" ಎಂದೆ.

"ರಾಜಕುಮಾರ ಅಡವಿಗಿ ಹೋಗ್ತಾನಂತ ಹೂಂ ಅಂದೋರೂ ಗಂಟು ಕಟ್ಟಿಕೊಂಡು ಬೆನ್ನ ಹತ್ತತಾರೇನ್ರಿ?"

ತಂಗಿ ಹಲ್ಲಿನಿಂದ ದಾರ ಕಡಿಯುತ್ತ ನಕ್ಕಳು. ನಾನು ಗಂಭೀರವಾಗಿ, ಕೂಡುವುದೇ ಆದರೆ ನೌಬಾದದಲ್ಲೇ ಕೂಡಬಹುದಿತ್ತಲ್ಲ, ಇಲ್ಲಿ ನೆಲ, ಅಲ್ಲಿ ಬೆತ್ತದ ಕುರ್ಚಿ ಎಂದು ವಾದ ಮಂಡಿಸಿದೆ.

"ಖರೇನೇ ಅದ" ಎಂದಳು ಹೆಂಡತಿ. "ಒಂದ್ ಮಾತು ಕೇಳ್ಲಾ? ನಾವಿಬ್ಬರೂ ಕುರ್ಚ್ಯಾಗ ಕೂತೀವಿ. ಚಹಾ ಬರ್ತದ ಅಂತೀರಿ. ಎಲ್ಲಿಂದ ಬರ್ತದ್ರಿ?"

ಆ ದಿಕ್ಕಿನಿಂದ ನಾನು ಯೋಜನೆಯನ್ನು ಪರಿಶೀಲಿಸಿರಲಿಲ್ಲ. ಕೌದಿಯ ಕಡೆ ನೋಡಿದೆ. ನಟ್ಟ ನಡುವೆ ಅರಿಶಿನ ಬಣ್ಣದ ತುಂಡೊಂದು ಪರಿಚಿತವಾಗಿ ಕಂಡಿತು.

"ಇದು ನನ್ನ ಶಾಲು!"

"ಟ್ರಂಕಿನ್ಯಾಗ ಸುಮ್ಮ ಇತ್ತಲ್ರಿ."

"ವೈನಿದೂ ಹಚ್ಚೀವಿ ಅಣ್ಣಾ, ಬಾಜೂಕ್ಕೇ ಅದ ನೋಡು" ಎಂದು ತಂಗಿ ನೀಲಿಯದನ್ನು ತೋರಿಸಿದಳು. "ಚಳಿಗಾಲಕ್ಕ ಛಲೋ ಆಗ್ತದ."

ಇಲಾಖೆ ನನಗೆ ಹೊದಿಸಿದ ಏಕೈಕ ಗೌರವದ ಮೇಲೆ ಸಾಲುಸಾಲು ಹೊಲಿಗೆ ಓಡಿತ್ತು. ಅದನ್ನೂ ತಡೆದುಕೊಂಡೆ. ತಡೆದುಕೊಳ್ಳಲಾಗದ್ದು ಆಮೇಲೆ ಬಂತು.

"ನಿನಗ ಇದೆಲ್ಲ ಯಾವಾಗಿಂದ ಗೊತ್ತದ?" ಎಂದು ತಂಗಿಯನ್ನು ಕೇಳಿದೆ.

"ವೈನಿ ಈ ಮನಿಗಿ ಬಂದ ವರ್ಸದಿಂದ. ನನ್ನ ಲಗ್ನ ಆಗಿರ್ಲಿಲ್ಲ ಇನ್ನಾ. ಹೊಲದ ಬದುವಿನ ಮ್ಯಾಲ ಕುಂತು ಇಬ್ಬರೂ ಮಾತಾಡಿದ್ದೆವು. ಎಲ್ಲಾ ಮುಗಿದ ಮ್ಯಾಲ ಇದೇ ಬೇವಿನ ಗಿಡದ ಬುಡಕ್ಕ ಕೂಡೋಣು, ಯಾರೂ ಕರೀಬಾರ್ದು ಅಂತ." ಸೂಜಿ ಎಳೆದು, "ನಾ ಅವತ್ತು ಖರೇ ಹೂಂ ಅಂದಿದ್ದೆ ಅಣ್ಣಾ" ಎಂದಳು.

ನನ್ನ ಯೋಜನೆ ಅಷ್ಟೂರಿನಲ್ಲಿ ಹುಟ್ಟುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಇಲ್ಲಿ ಇನ್ನೊಂದು ಮಂಜೂರಾಗಿತ್ತು. ಒಡಹುಟ್ಟಿದವಳಿಗೆ ಗೊತ್ತು, ಭಾಲ್ಕಿಯ ಶಾಲೆಗೆ ಗೊತ್ತು, ಬಸ್ಸಿನ ಕಂಡಕ್ಟರಿಗೆ ಗೊತ್ತು. ನಾನು ಶಾಮಿಯಾನದ ಕೆಳಗೆ ನಿಂತು ಮೈಕಿನಲ್ಲಿ ಕುರ್ಚಿಯ ವರ್ಣನೆ ಮಾಡುತ್ತಿದ್ದಾಗ ನನ್ನ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಅದು ಸಂಕೋಚವೆಂದು ತಿಳಿದಿದ್ದೆ.

"ನನಗ್ಯಾಕ ಹೇಳ್ಲಿಲ್ಲ?"

ಹೆಂಡತಿ ಸೂಜಿಗೆ ದಾರ ಪೋಣಿಸಿದಳು. "ಹೇಳ್ಬೇಕಂತ ಅಷ್ಟೂರಿಗಿ ಬರ್ತಿದ್ದೆ. ನೀವು ಮಲ್ಲಿಗಿ ಬಳ್ಳಿ ಹಚ್ಚತಿದ್ರಿ. ನಿಮ್ಮ ಮುಖ ನೋಡಿ ಹೂಂ ಅಂತಿದ್ದೆ."

ತಂಗಿ ಚಹಾ ತಂದಳು. ಅಲ್ಲಿ ಚಹಾ ಬರುತ್ತಿತ್ತು, ಒಮ್ಮೆ ಅವಳು, ಒಮ್ಮೆ ಇವಳು ಏಳುತ್ತಿದ್ದರು. ಕುಡಿದೆ. ಸಿಟ್ಟಿನಲ್ಲೂ ರುಚಿ ಗೊತ್ತಾಗುತ್ತದೆಂಬುದು ಮನುಷ್ಯನ ದೌರ್ಬಲ್ಯ. ಇಳಿಹೊತ್ತಿನ ಬಸ್ಸಿಗೆ ಹೊರಟಾಗ ಅವಳು ರೊಟ್ಟಿಯ ಗಂಟು ಕೈಗಿಟ್ಟು, "ಶನಿವಾರ ಸ್ಟ್ಯಾಂಡಿಗಿ ಬರ್ರಿ" ಎಂದಳು. ನಾನು ಹೂಂ ಅನ್ನಲಿಲ್ಲ. ಆ ಅಕ್ಷರದ ಮೇಲಿನ ನಂಬಿಕೆಯೇ ಹೋಗಿತ್ತು.

ನೌಬಾದದಲ್ಲಿ ಕಂಪೌಂಡರ್ ಸಾಹೇಬರು ಮತ್ತೆ ಕೇಳಿದರು, "ಖಾಲೀನೇ ಅದಲ್ರಿ, ಕೂಡ್ಲಾ?" ಎಂದು. ಆಗಲೂ ಬೇಡವೆಂದೆ. ಅವರು ಮೆಟ್ಟಿಲ ಮೇಲೇ ಕೂತರು.

ಶನಿವಾರ ಸ್ಟ್ಯಾಂಡಿಗೆ ಹೋದೆ. ನಂಬಿಕೆ ಬೇರೆ, ಸ್ಕೂಟರು ಬೇರೆ. ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ಅವಳು ಎರಡನೆಯ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದಾಳೆ, ಬೀದಿ ನೋಡುತ್ತಿದ್ದಾಳೆ. ಇಷ್ಟು ವರ್ಷ ನಾನು ಕಲ್ಪಿಸಿಕೊಂಡಿದ್ದ ದೃಶ್ಯ ಅದೇ. ಚಹಾ ಮಾತ್ರ ಇರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಅದರ ಬರವು ಕಾದೆವು. ಆಮೇಲೆ ನಾನು ಒಳಗೆ ಹೋದೆ. ಸಕ್ಕರೆ ಹೆಚ್ಚಾಯಿತು. ಅವಳು ಪೂರ್ತಿ ಕುಡಿದಳು.

ಪೇಪರು ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದೆ, ಓದಿ ಹೇಳಲಿಲ್ಲ. ಅವಳೇ ಶುರು ಮಾಡಿದಳು. ಗುರುವಾರ ಒಂದು ಕುರಿ ಹಿಂಡು ತಪ್ಪಿಸಿಕೊಂಡಿತಂತೆ, ಇಬ್ಬರೂ ಸೀರೆ ಎತ್ತಿ ಕಟ್ಟಿ ಹುಡುಕುತ್ತ ಹೋದರಂತೆ, ಹಳ್ಳ ದಾಟಿದರಂತೆ, ಕತ್ತಲಾಗುತ್ತ ಬಂತಂತೆ. ಅಲ್ಲಿಗೆ ಮಾತು ನಿಂತಿತು. ನಾನು ಪುಟ ತಿರುವಿದೆ. ಅವಳು ಕಾದಳು.

"ಹೂಂ ಅನ್ರಿ" ಎಂದಳು.

ನಾನು ಚಹಾ ಮುಗಿಸಿದೆ. ಕಪ್ಪಿನ ತಳದಲ್ಲಿ ಸಕ್ಕರೆ ಕರಗದೆ ಉಳಿದಿತ್ತು. ಅವಳು ಬೀದಿಯ ಕಡೆ ತಿರುಗಿ ಕೂತಳು. ಕುರಿ ಎಲ್ಲಿ ಹೋಯಿತೋ, ಅವರು ಕತ್ತಲಲ್ಲಿ ಹೇಗೆ ಬಂದರೋ, ಒಂದೂ ತಿಳಿಯುವಂತಿಲ್ಲ.

ಕೊನೆಗೆ ಹೂಂ ಅಂದೆ. ಅದು ಕುರಿಗಾಗಿ ಅಂದದ್ದು. ಮುಂದೆ ಯಾರೂ ಅದನ್ನು ನನ್ನ ಒಪ್ಪಿಗೆ ಎಂದು ಬರೆದುಕೊಳ್ಳಬಾರದು.